ಕವಲಿನಲ್ಲಿ ನಿಂತ ಇಲಿ: ಮುಂದಾಲೋಚನೆಯೋ ಬರೀ ಗೊಂದಲವೋ?

ಕುತೂಹಲಿ:
ಟಿ-ಮೇಜ್‌ನ (T ಆಕಾರದ ಪ್ರಯೋಗದ ದಾರಿಯ) ಕವಲಿಗೆ ಬಂದ ಇಲಿ ನಿಂತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲೆ ತಿರುಗಿಸಿ, ಆಮೇಲೆ ಒಂದು ದಾರಿ ಹಿಡಿಯುತ್ತದೆ. ಇದನ್ನು ಮುಂದಾಲೋಚನೆ ಎನ್ನಲು ಆಧಾರವೇನು? ವಿಡಿಯೊ ಸಾಕೇ? ಇನ್ನೊಂದು: ಸಿಗುವ ಫಲ ಬದಲಾಗದಿದ್ದರೂ ಪ್ರಾಣಿಗಳು ಮಾಹಿತಿ ಹುಡುಕುತ್ತವಂತೆ, ನಿಜವೇ?

ಥೀಟಾ:
ವಿಡಿಯೊ ಒಂದರಿಂದ ಆಗದು. ಗಟ್ಟಿ ಸಾಕ್ಷ್ಯ ಬಂದದ್ದು ಮಿದುಳಿನಲ್ಲಿ ನೆನಪು ಮತ್ತು ದಾರಿ ನೋಡಿಕೊಳ್ಳುವ ಭಾಗವಾದ ಹಿಪ್ಪೊಕ್ಯಾಂಪಸ್‌ನ ಸ್ಥಳಕೋಶಗಳಿಂದ. ಇಲಿ ಎಲ್ಲಿದೆಯೋ ಆ ಜಾಗಕ್ಕೆ ತಕ್ಕ ಕೋಶ ಮಿಡಿಯುತ್ತದೆ. ಆದರೆ ಕವಲಲ್ಲಿ ನಿಂತಾಗ ಇನ್ನೂ ಕಾಲಿಡದ ದಾರಿಯ ಕೋಶಗಳು ಸಾಲಾಗಿ ಮಿಡಿಯುತ್ತವೆ, ಮೊದಲು ಒಂದು ಕಡೆಯವು, ಆಮೇಲೆ ಇನ್ನೊಂದು ಕಡೆಯವು. ಜಾನ್ಸನ್ ಮತ್ತು ರೆಡಿಷ್ ಇದನ್ನು 2007ರಲ್ಲಿ ತೋರಿಸಿದರು.

ಡಿಕೋಡ್ ಮಾಡುವವರು, ಅಂದರೆ ಕೋಶಗಳ ಮಿಡಿತದಿಂದ ಜಾಗವನ್ನು ಓದುವವರು, ಎಡವುವುದು ಟೈಮ್ ವಿಂಡೋದಲ್ಲಿ, ಒಮ್ಮೆಗೆ ಲೆಕ್ಕಕ್ಕೆ ತೆಗೆದುಕೊಳ್ಳುವ ಸಮಯದ ತುಣುಕಿನಲ್ಲಿ. ಹಿಪ್ಪೊಕ್ಯಾಂಪಸ್‌ನ ಲಯಬದ್ಧ ವಿದ್ಯುತ್ ಏರಿಳಿತವಾದ ಥೀಟಾ ಅಲೆ ಸೆಕೆಂಡಿಗೆ ಸುಮಾರು 8 ಸುತ್ತು, ಅಂದರೆ ಒಂದು ಸುತ್ತಿಗೆ 125 ಮಿಲಿಸೆಕೆಂಡು. 250 ಇಟ್ಟರೆ ಎರಡು ಸುತ್ತು ಕಲಸಿಹೋಗಿ ಎಡ-ಬಲ ಎರಡೂ ಒಟ್ಟಿಗೇ ಕಂಡಂತಾಗುತ್ತದೆ. 20ರಿಂದ 40 ಇಡಿ. ಡಿಕೋಡರ್‌ಗೆ ಓಟದ ಡೇಟಾದಿಂದ ತರಬೇತಿ ಕೊಟ್ಟು, ನಿಂತ ಕ್ಷಣಗಳ ಮೇಲೆ ಪ್ರಯೋಗಿಸಿ.

ಕೋನಮಾಪಕ:
ವಿಡಿಯೊವನ್ನು ಅಷ್ಟು ಸುಲಭಕ್ಕೆ ತಳ್ಳಿಹಾಕಬೇಡಿ. ಕವಲಿನ ವಲಯದಲ್ಲಿ ತಲೆ ಸಾಗುವ ದಿಕ್ಕಿನ ಕೋನ ತೆಗೆದು, ಫ್ರೇಮಿನಿಂದ ಫ್ರೇಮಿಗೆ ಆದ ಬದಲಾವಣೆಯನ್ನು ಚಿಹ್ನೆ (ಪ್ಲಸ್-ಮೈನಸ್) ಬಿಟ್ಟು ಕೂಡಿಸಿ, ಆ ಸೆಷನ್‌ನ ಓಟಗಳ ನಡುವೆ ಝಡ್-ಸ್ಕೋರ್ ಮಾಡಿ, ಅಂದರೆ ಸರಾಸರಿಯಿಂದ ಎಷ್ಟು ದೂರ ಎಂದು ಅಳೆಯಿರಿ. ಕೆಡುವ ಜಾಗಗಳು ಗೊತ್ತಿದ್ದವೇ. 180 ದಾಟಿ ಮೈನಸ್ 180ಕ್ಕೆ ಹೋದದ್ದನ್ನು ಸರಿಪಡಿಸದಿದ್ದರೆ 360 ಡಿಗ್ರಿ ಜಿಗಿತ ಸೇರಿಬಿಡುತ್ತದೆ. ತಲೆ ಪೂರ್ತಿ ನಿಶ್ಚಲವಾದಾಗ ದಿಕ್ಕಿಗೇ ಅರ್ಥವಿಲ್ಲ, ಟ್ರ್ಯಾಕಿಂಗ್‌ನ ನಡುಕವೇ ಆಲೋಚನೆಯಂತೆ ಎಣಿಕೆಯಾಗುತ್ತದೆ. ಕನಿಷ್ಠ ವೇಗದ ಮಿತಿ ಹಾಕಿ. ಮೈ ನೆಕ್ಕಿಕೊಳ್ಳುವ ಓಟಗಳನ್ನು ಕೈಬಿಡಿ.

ಗೊಂದಲವೋ ಆಲೋಚನೆಯೋ ಎಂಬುದಕ್ಕೆ ಒಂದು ಸುಳಿವು: ದಾರಿ ರೂಢಿಯಾದಂತೆ ಈ ತಿರುಗಾಟ ಇಳಿಯಬೇಕು, ಆಹಾರ ಸಿಗುವ ನಿಯಮ ಬದಲಿಸಿದಾಗ ಮತ್ತೆ ಏರಬೇಕು. ಏರದಿದ್ದರೆ ನನಗಂತೂ ಅನುಮಾನ.

ಥೀಟಾ:
ಏರಿದರೂ ಗೊಂದಲದ ಸಾಧ್ಯತೆ ಹೋಗುವುದಿಲ್ಲವಲ್ಲ, ನಿಯಮ ಬದಲಾದಾಗ ಗೊಂದಲವೂ ಏರುತ್ತದೆ. ಕೋಶಗಳ ಸಾಕ್ಷ್ಯ ಬೇಕೇ ಬೇಕು.

ನೀರುಕೋತಿ:
ಎರಡನೇ ಪ್ರಶ್ನೆಗೆ: ನಿಜ. ಬ್ರೋಂಬರ್ಗ್-ಮಾರ್ಟಿನ್ ಮತ್ತು ಹಿಕೊಸಾಕಾ 2009ರಲ್ಲಿ ಬಾಯಾರಿದ ಕೋತಿಗಳಿಗೆ ಎರಡು ಗುರಿ ಕೊಟ್ಟರು. ಒಂದನ್ನು ಆರಿಸಿದರೆ ನೀರು ಹೆಚ್ಚೋ ಕಡಿಮೆಯೋ ಎಂಬ ಸೂಚನೆ ಮುಂಚೆಯೇ ಸಿಗುತ್ತಿತ್ತು, ಇನ್ನೊಂದರ ಸೂಚನೆಗೆ ಅರ್ಥವಿರಲಿಲ್ಲ. ಸರಾಸರಿ ನೀರಿನ ಪ್ರಮಾಣ ಎರಡರಲ್ಲೂ ಅಷ್ಟೇ. ಕೋತಿಗಳು ತಿಳಿಸುವ ಗುರಿಯನ್ನೇ ಆರಿಸಿದವು. ನೀರಿನ ನಿರೀಕ್ಷೆಗೆ ಮಿಡಿಯುವ ಡೋಪಮಿನ್ ಕೋಶಗಳೇ ಮಾಹಿತಿಯ ನಿರೀಕ್ಷೆಗೂ ಮಿಡಿದವು.

ಹಾಗಂತ ಇದನ್ನು ಶುದ್ಧ ಕುತೂಹಲ ಅನ್ನಲಾರೆ. ಪಾರಿವಾಳಗಳು ಖಚಿತ ಸೂಚನೆಗಾಗಿ 50% ಸಂಭವದ ಕಾಳು ಬಿಟ್ಟು 20%ರದ್ದನ್ನು ಆರಿಸಿದ ಪ್ರಯೋಗಗಳಿವೆ. ಅಲ್ಲಿ ಎಳೆಯುವುದು ಒಳ್ಳೆಯ ಸುದ್ದಿಯ ಸೂಚನೆ ಎಂದೇ ಕಾಣುತ್ತದೆ. ಪ್ರಯೋಗ ರೂಪಿಸುವಾಗ ಫಲದ ಸರಾಸರಿ ಮಾತ್ರವಲ್ಲ, ಕಾಯುವ ಸಮಯವನ್ನೂ ಎರಡೂ ಕಡೆ ಸರಿಸಮ ಇಡಿ. ಇಲ್ಲದಿದ್ದರೆ ಬೇಗ ಸಿಗುವ ಕಡೆಗಿನ ಒಲವನ್ನೇ ಮಾಹಿತಿಯ ಹಂಬಲ ಎಂದು ಓದಿಬಿಡುತ್ತೀರಿ.