ಅಡಿಕೆ ದರದ ಆ್ಯಪ್ ವಿನ್ಯಾಸ: ಚಾಟ್‌ಬಾಟನ್ನು ಎಲ್ಲಿ ಬಳಸಬೇಕು, ಎಲ್ಲಿ ಬಿಡಬೇಕು?

ಸೋಂದಾ ರಸ್ತೆ (ಶಿರಸಿ):
ಅಡಿಕೆ ಬೆಳೆಗಾರರಿಗೆ ಒಂದು ಆ್ಯಪ್ ವಿನ್ಯಾಸ ನಡೀತಾ ಇದೆ. ದಿನದ ಟೆಂಡರ್ ದರ, ಸೊಸೈಟಿಯಲ್ಲಿಟ್ಟ ತಮ್ಮ ಲಾಟ್ (ಮಾರಾಟಕ್ಕಿಟ್ಟ ಅಡಿಕೆ) ಎಲ್ಲಿಗೆ ಬಂತು, ಖಾತೆಗೆ ಹಣ ಬಿತ್ತೋ ಇಲ್ಲವೋ, ಈ ಮೂರೇ ಕೆಲಸ. ಸಂದರ್ಶನಗಳ ರೆಕಾರ್ಡಿಂಗ್ 12 ಇವೆ, ಬಹುಪಾಲು ಹವ್ಯಕ ಕನ್ನಡದಲ್ಲಿ. ಇವನ್ನು ಚಾಟ್‌ಬಾಟಿಗೆ ಕೊಟ್ಟು ಸಾರಾಂಶ, ಪರ್ಸೋನಾ (ಮಾದರಿ ಬಳಕೆದಾರನ ಕಲ್ಪಿತ ಚಿತ್ರಣ), ಬಟನ್ ಮೇಲಿನ ಕನ್ನಡ ಎಲ್ಲ ಬರೆಸಬಹುದಾ? ಯಾವುದನ್ನು ನಂಬಬಹುದು?

ಕಾಳಿ ದಂಡೆ (ಕಾರವಾರ):
ಸಾರಾಂಶದಿಂದ ಶುರು ಮಾಡಬೇಡಿ. "ಇದರ ಸಾರಾಂಶ ಕೊಡು" ಅಂದರೆ 12 ಜನರ ಮಾತು ಕಲಸಿ "ಬೆಳೆಗಾರರಿಗೆ ಪಾರದರ್ಶಕತೆ ಬೇಕು" ಅನ್ನೋ ತರಹದ ವಾಕ್ಯ ಬರುತ್ತದೆ. ಅದರಿಂದ ಒಂದು ಸ್ಕ್ರೀನೂ ಹುಟ್ಟುವುದಿಲ್ಲ.

ಮೊದಲು ಸಂದರ್ಶನಗಳ ಬರಹರೂಪದಿಂದ ಹೆಸರು, ಮೊಬೈಲ್ ನಂಬರ್, ಸದಸ್ಯತ್ವ ಸಂಖ್ಯೆ, ಲಾಟ್ ನಂಬರ್ ಎಲ್ಲ ತೆಗೆದು ಬೆ-1, ಬೆ-2 ಅಂತ ಹಾಕಿ. ಸಂದರ್ಶನ ಕೊಟ್ಟವರ ಒಪ್ಪಿಗೆಯಲ್ಲಿ ಇಂಥ ಉಪಕರಣಕ್ಕೆ ಹಾಕುತ್ತೇವೆ ಅನ್ನೋದೂ ಇರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇದನ್ನು ಹಗುರಾಗಿ ತೆಗೆದುಕೊಳ್ಳುವ ಹಾಗಿಲ್ಲ. ಆಮೇಲೆ ಬರಹರೂಪದ ಪ್ರತಿ ಸಾಲಿಗೂ ನಂಬರ್ ಕೊಡಿ. ಒಂದು ಸಲಕ್ಕೆ ಒಂದೇ ಸಂದರ್ಶನ ಹಾಕಿ. ಒಂದೇ ವಿಷಯವಾದರೂ ಕನ್ನಡ ಪಠ್ಯ ಇಂಗ್ಲಿಷಿಗಿಂತ ಹೆಚ್ಚು ಟೋಕನ್ (ಬಾಟ್ ಪಠ್ಯವನ್ನು ಒಡೆದು ಓದುವ ತುಣುಕು) ತಿನ್ನುತ್ತದೆ. ಎಲ್ಲ ಒಟ್ಟಿಗೆ ತುಂಬಿದರೆ ನಡುವಿನ ಭಾಗ ಬಿಟ್ಟುಹೋಗುವ ಸಂಭವ ಜಾಸ್ತಿ. ಕೇಳಬೇಕಾದ್ದು ಹೀಗೆ: "ದರ ತಿಳಿಯುವ ಬಗ್ಗೆ ಬೆ-1 ಹೇಳಿದ ಸಾಲುಗಳನ್ನು ಇದ್ದ ಹಾಗೇ, ಸಾಲಿನ ನಂಬರ್ ಸಮೇತ ಕೊಡು. ಏನೂ ಸೇರಿಸಬೇಡ." ಬಂದ ಪ್ರತಿ ಸಾಲನ್ನೂ ಮೂಲದಲ್ಲಿ ಹುಡುಕಿ; ಅಕ್ಷರಶಃ ಸಿಗದಿದ್ದರೆ ಕಿತ್ತು ಹಾಕಿ. 12ರದ್ದೂ ಹೀಗೆ ಆದ ಮೇಲೆ ಗುಂಪು ಮಾಡಿಸಿ, ಪ್ರತಿ ಗುಂಪಿಗೂ "ಇದಕ್ಕೆ ವಿರುದ್ಧ ಹೇಳುವ ಸಾಲು ಯಾವುದು?" ಅಂತ ಕೇಳಲೇಬೇಕು. ಹೊಸ ವಿಷಯ ಸಿಗೋದು ಹೆಚ್ಚಾಗಿ ಅಲ್ಲೇ.

ದೊಡ್ಡ ಅಪಾಯ ಹವ್ಯಕದ್ದು. "ಸೊಸೈಟಿಲಿ ದರ ಇಲ್ಲೆ" ಅಂದರೆ ದರ ಇಲ್ಲ ಅಂತ. ಯಂತ್ರ ಅದನ್ನು "ಇಲ್ಲೇ" ಅಂತ ಬರೆದುಕೊಂಡರೆ ಅರ್ಥ ತಿರುಗಿಯೇ ಹೋಯ್ತು. ಹಾಗಾಗಿ "ಇಲ್ಲೆ" ಬರುವ ಸಾಲುಗಳನ್ನಷ್ಟಾದರೂ ರೆಕಾರ್ಡಿಂಗ್ ಹಾಕಿಕೊಂಡು ಕಿವಿಯಿಂದಲೇ ತಾಳೆ ನೋಡಿ. ಬೈತಖೋಲ ಬಂದರಿನ ಕಡೆ ಕೊಂಕಣಿ ಬೆರೆತ ಕನ್ನಡಕ್ಕೂ ಇದೇ ಎಚ್ಚರಿಕೆ ಬೇಕು.

ಕುಮಟೆಯ ಅಕ್ಷರ (ಕುಮಟಾ):
ಬಟನ್ ಮತ್ತು ಸೂಚನೆಗಳ ಕನ್ನಡದ ಬಗ್ಗೆ ಹೇಳ್ತೇನೆ. ಹಾಗೇ ಬರೆಸಿದರೆ "ದೃಢೀಕರಿಸಿ", "ಅಮಾನ್ಯ ನಮೂದು" ಇಂಥವೇ ಬರುತ್ತವೆ. ಮೊದಲು ಒಂದು ಪದಪಟ್ಟಿ ಕೊಡಿ: ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು ಅಡಿಕೆಯ ತರಗಳು, ಬದಲಿಸಬಾರದು, ದರ ಕ್ವಿಂಟಾಲಿಗೆ, ಎಲ್ಲ ಕಡೆ "ನೀವು". ಪಟ್ಟಿ ಇಲ್ಲದಿದ್ದರೆ "ರಾಶಿ"ಯನ್ನು ಜ್ಯೋತಿಷ್ಯದ ರಾಶಿ ಅಂತ ತಿಳಿದು ಐಕಾನ್ ಸಲಹೆ ಕೊಟ್ಟರೂ ಆಶ್ಚರ್ಯವಿಲ್ಲ.

ತಪ್ಪಿನ ಸಂದೇಶಕ್ಕೆ ಎರಡೇ ನಿಯಮ ಸಾಕು: ಏನಾಯ್ತು, ಈಗ ಏನು ಮಾಡಬೇಕು. "ಅಮಾನ್ಯ ದೂರವಾಣಿ ಸಂಖ್ಯೆ" ಬೇಡ. "ಮೊಬೈಲ್ ನಂಬರಿಗೆ 10 ಅಂಕಿ ಬೇಕು. ನೀವು ಹಾಕಿದ್ದು 9." ಒಂದೊಂದಕ್ಕೂ ಐದಾರು ಬಗೆ ಬರೆಸಿ, ಆರಿಸುವ ಕೆಲಸ ನೀವೇ ಮಾಡಿ. ನಂತರ ಹೊಸ ಚಾಟ್ ತೆರೆದು, ಹಿನ್ನೆಲೆ ಏನೂ ಹೇಳದೆ, "ಈ ಬಟನ್ ಒತ್ತಿದರೆ ಏನಾಗುತ್ತದೆ?" ಅಂತ ಕೇಳಿ. ಉತ್ತರ ನಿಮ್ಮ ಉದ್ದೇಶಕ್ಕೆ ಹೊಂದದಿದ್ದರೆ ಪದ ಸಂದಿಗ್ಧವಾಗಿದೆ ಅಂತ ಅನುಮಾನಿಸಿ.

"12 ಅಕ್ಷರದೊಳಗೆ ಬರೆ" ಅಂದರೆ ಎಣಿಕೆ ತಪ್ಪುತ್ತದೆ. ಅದು ಓದುವುದು ಟೋಕನ್, ನಾವು ಎಣಿಸುವುದು ಒತ್ತಕ್ಷರ ಸೇರಿದ ಅಕ್ಷರ. ಅಳತೆ ಸ್ಕ್ರೀನ್ ವಿನ್ಯಾಸದ ತಂತ್ರಾಂಶ ಫಿಗ್ಮಾದಲ್ಲೇ ಆಗಲಿ: 360 ಅಗಲದ ಫ್ರೇಮ್, ಸಾಲಿನ ಎತ್ತರ ಅಕ್ಷರದ 1.5 ಪಟ್ಟಿಗೆ ಕಡಿಮೆ ಬೇಡ, ಇಲ್ಲದಿದ್ದರೆ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಯೂ ನೋಡಿ. ವಯಸ್ಸಾದವರ ಫೋನು ಹೆಚ್ಚಾಗಿ ಹಾಗೇ ಇರುತ್ತದೆ.

ಯುಎಕ್ಸ್ ಯಲ್ಲಾಪುರ:
ಪರ್ಸೋನಾ ಬರೆಸಲೇಬೇಡಿ. ನಿಮ್ಮ ಸಂದರ್ಶನದಲ್ಲಿ ಇಲ್ಲದ ಆಸೆ, ಅಡಚಣೆ ಎಲ್ಲ ಅದರಲ್ಲಿ ನುಸುಳುತ್ತವೆ, ಓದಲು ಚೆನ್ನಾಗಿರುತ್ತದೆ, ತಂಡ ನಂಬಿಬಿಡುತ್ತದೆ.

ಚಾಟ್‌ಬಾಟ್ ನಿಜವಾಗಿ ಗೆಲ್ಲುವುದು ಸ್ಕ್ರೀನಿನ ಸ್ಥಿತಿಗಳಲ್ಲಿ. ಪ್ರತಿ ಸ್ಕ್ರೀನಿಗೂ ಕೇಳಿ: ಖಾಲಿ, ಲೋಡ್ ಆಗುತ್ತಿದೆ, ನೆಟ್‌ವರ್ಕ್ ಇಲ್ಲ, ಹಳೆಯ ಮಾಹಿತಿ, ಅರ್ಧ ಮಾಹಿತಿ, ದೋಷ, ಈ ಆರರಲ್ಲಿ ಏನು ಕಾಣಬೇಕು? ಘಟ್ಟದ ಮೇಲೆ ತೋಟದ ಮನೆಗಳಲ್ಲಿ ಸಿಗ್ನಲ್ ಹೋಗಿಬರುವುದು ಮಾಮೂಲು. ನಿನ್ನೆಯ ರಾಶಿ ದರ ಇವತ್ತಿನದರ ಹಾಗೆ ಕಂಡರೆ ಬೆಳೆಗಾರ ಅದನ್ನು ನಂಬಿ ಮಾಲು ಇಡುತ್ತಾನೆ. ದರದ ಪಕ್ಕದಲ್ಲೇ ತಾರೀಖು, ಗಂಟೆ ಇರಲೇಬೇಕು.

ಸ್ಕ್ರೀನ್‌ಶಾಟ್ ಹಾಕಿ "ಚೆನ್ನಾಗಿದೆಯಾ?" ಅಂತ ಕೇಳಿದರೆ ಹೂಂ ಅನ್ನುತ್ತದೆ. "ಚಾಲಿ ದರ ನೋಡಲು ಬಂದವರು ಎಲ್ಲಿ ತಪ್ಪುತ್ತಾರೆ? ನೀಲ್ಸನ್ನರ 10 ಸೂತ್ರಗಳಲ್ಲಿ ಯಾವುದು ಮುರಿದಿದೆ, ತೀವ್ರತೆ 0ರಿಂದ 4ರಲ್ಲಿ ಎಷ್ಟು?" ಅಂತ ಕೇಳಿ. (ನೀಲ್ಸನ್ನರದು ಬಳಸಲು ಸುಲಭವಾದ ವಿನ್ಯಾಸದ ಹೆಸರಾಂತ ಸೂತ್ರಗಳು; 4 ಅಂದರೆ ಅತಿ ತೀವ್ರ.) ಬೇರೆ ಬೇರೆ ಚಾಟಿನಲ್ಲಿ ಮೂರು ಸಲ ಕೇಳಿ, ಪಟ್ಟಿ ಪ್ರತಿ ಸಲ ಬೇರೆಯಾಗುತ್ತದೆ. ಬಣ್ಣದ ಅಂತರವನ್ನು ಮಾತ್ರ ಅದರ ಬಾಯಲ್ಲಿ ಕೇಳಬೇಡಿ, ಚಿತ್ರ ನೋಡಿ ಅಂದಾಜು ಹೇಳುತ್ತದೆ. ಕಾಂಟ್ರಾಸ್ಟ್ ಅಳೆಯುವ ಉಪಕರಣವೇ ಬೇಕು: ಸಾಮಾನ್ಯ ಅಕ್ಷರಕ್ಕೆ 4.5:1, ದೊಡ್ಡದಕ್ಕೆ 3:1. ಆಂಡ್ರಾಯ್ಡಿನಲ್ಲಿ ಒತ್ತುವ ಜಾಗ ಕನಿಷ್ಠ 48 ಡಿಪಿ (ಪರದೆಯ ಅಳತೆಯ ಮಾನ).

ಕಾಳಿ ದಂಡೆ (ಕಾರವಾರ):
ಪರ್ಸೋನಾ ಬಗ್ಗೆ ಒಪ್ಪಿದೆ. ಆದರೆ ಬಾಟನ್ನು ಬೆಳೆಗಾರನ ಪಾತ್ರದಲ್ಲಿ ಕೂರಿಸಿ ಪ್ರಶ್ನೆಪಟ್ಟಿ ಓಡಿಸಿ ನೋಡಬಹುದು. ಉದ್ದೇಶ ಉತ್ತರವಲ್ಲ, ಪ್ರಶ್ನೆಯ ದೋಷ ಸಿಗಲಿ ಅಂತ. "ಆ್ಯಪಿನಲ್ಲಿ ದರ ನೋಡೋದು ಸುಲಭ ಅಲ್ವಾ?" ಅನ್ನೋದು ಉತ್ತರವನ್ನು ಬಾಯಿಗೆ ತುರುಕುವ ಪ್ರಶ್ನೆ. "ಕಳೆದ ಸಲ ಅಡಿಕೆ ವಿಕ್ರಿ ಮಾಡುವಾಗ ದರ ಹೇಗೆ ತಿಳೀತು?" ಅನ್ನೋದು ಸರಿ. ಆ ಉತ್ತರಗಳನ್ನು ಆಮೇಲೆ ಅಳಿಸಿಬಿಡಿ.

ಯುಎಕ್ಸ್ ಯಲ್ಲಾಪುರ:
ಅಳಿಸುವುದಾದರೆ ನನ್ನ ತಕರಾರಿಲ್ಲ. ನಿಜವಾದ ಬಳಕೆದಾರರ ಕೈಗೆ ಕೊಟ್ಟು ಮಾಡುವ ಪರೀಕ್ಷೆಗೆ 5 ಜನ ಸಾಕು ಅನ್ನೋ ರೂಢಿಯ ಮಾತು ಒಂದು ಬಗೆಯ ಬಳಕೆದಾರರಿಗೆ ಮಾತ್ರ. ಇಲ್ಲಿ ಎರಡು ಬಗೆ ಇದ್ದಾರೆ: ಊರಲ್ಲಿರುವ ಬೆಳೆಗಾರರು, ಮತ್ತು ಅಪ್ಪ-ಅಮ್ಮನ ಪರವಾಗಿ ಬೆಂಗಳೂರಿನಲ್ಲಿ ಕೂತು ಖಾತೆ ನೋಡುವ ಮಕ್ಕಳು. ಐದೈದು ಜನ ಬೇಕು.

ಸೋಂದಾ ರಸ್ತೆ (ಶಿರಸಿ):
ಬಹಳ ಉಪಕಾರ ಆಯ್ತು. ಇನ್ನೊಂದು ಪ್ರಶ್ನೆ: ಆ್ಯಪ್ ಒಳಗೇ ಚಾಟ್‌ಬಾಟ್ ಇಡಿ ಅಂತ ಒತ್ತಾಯ ಇದೆ. "ಇವತ್ತು ಬೆಟ್ಟೆ ಎಷ್ಟು?" ಅಂತ ಮಾತಾಡಿ ಕೇಳುವ ಹಾಗೆ.

ಕುಮಟೆಯ ಅಕ್ಷರ (ಕುಮಟಾ):
ಪ್ರಶ್ನೆ ಅರ್ಥಮಾಡಿಕೊಳ್ಳುವಷ್ಟಕ್ಕೆ ಬಾಟ್ ಇರಲಿ, ಅಂಕಿ ಅದು ಬರೆಯಬಾರದು. ಬೆಟ್ಟೆ, ಇವತ್ತಿನ ತಾರೀಖು, ಈ ಎರಡನ್ನು ಅದು ಗುರುತಿಸಿ ಕೊಡಲಿ. ದರವನ್ನು ಸೊಸೈಟಿಯ ದತ್ತಾಂಶದಿಂದಲೇ ಎತ್ತಿ, ದರದ ಸ್ಕ್ರೀನನ್ನೇ ತೆರೆಯಿರಿ. ಕೇಳಿದ ತರ ಯಾವುದೆಂದು ಗೊತ್ತಾಗದಿದ್ದರೆ ಊಹೆ ಬೇಡ, ತರಗಳ ಬಟನ್ ತೋರಿಸಿ. ಅಂದಿನ ಟೆಂಡರ್ ಆಗದಿದ್ದರೆ "ಇವತ್ತಿನ ದರ ಇನ್ನೂ ಬಂದಿಲ್ಲ" ಅಂತ ಹೇಳಿ, ಕೆಳಗೆ ಹಿಂದಿನ ದರವನ್ನು ತಾರೀಖಿನ ಸಮೇತ ಹಾಕಿ.