ಅಗ್ನಿಪಥದ ಬಗ್ಗೆ ಕ್ಷೇತ್ರದ ಜನ ಏನಂತಾರ, ತಿಳ್ಕೊಳ್ಳೂದು ಹೆಂಗ?

ಸಾಹೇಬ್ರ_ಡೈರಿ:
ನಮ್ಮ ಸಾಹೇಬ್ರು ಹಾವೇರಿ ಜಿಲ್ಲಾದ ಶಾಸಕರು. ಮುಂದಿನ ತಿಂಗಳ ಯುವಕರ ಸಭಾದಾಗ ಅಗ್ನಿಪಥದ (ನಾಲ್ಕು ವರ್ಷಕ್ಕ ಸೇನಾಕ್ಕ ತಗೊಳ್ಳೋ ಕೇಂದ್ರದ ಯೋಜನಾ) ಬಗ್ಗೆ ಮಾತಾಡೋರದಾರ. ಅದಕ್ಕ ಮೊದಲ ಜನರ ಮನಸ್ಸಿನ್ಯಾಗ ಏನೈತಿ ಅಂತ ಎರಡು ಪುಟ ಬರದು ಕೊಡು ಅಂದಾರ. ನಮ್ಮ ವಾಟ್ಸಾಪ್ ಗ್ರೂಪಿನ್ಯಾಗ ಕೇಳಿದ್ರ ಹತ್ತರಾಗ ಎಂಟು ಮಂದಿ ‘ಚಲೋ ಐತಿ’ ಅಂತಾರ. ಇಷ್ಟ ಬರದು ಕೊಟ್ರ ನಡೀತದೇನ್ರಿ? ಕೈಯಾಗ ಎಂಟು ಹುಡುಗರು, ಹತ್ತು ದಿನ ಅದಾವ.

ಬೂತ್_ಲೆಕ್ಕ:
ಗ್ರೂಪಿನ ಲೆಕ್ಕ ಬಿಡ್ರಿ, ಅಲ್ಲಿರೋರೆಲ್ಲ ನಿಮ್ಮವರ. ಮತಗಟ್ಟಿ ಪಟ್ಟಿ ತಗೊಂಡು 240 ಇದ್ರ ಹನ್ನೆರಡಕ್ಕೊಂದರಂಗ 20 ಆರಿಸ್ರಿ. ಯಾವ ಊರು ಅನ್ನೂದನ್ನ ಕಾರ್ಯಕರ್ತರ ಕೈಯಾಗ ಬಿಡಬ್ಯಾಡ್ರಿ, ತಮಗ ಬೇಕಾದ ಓಣಿಗೇ ಕರಕೊಂಡು ಹೋಗ್ತಾರ. ಮತಗಟ್ಟಿಗೆ 20 ಮನಿ, ಒಟ್ಟು 400. ಒಬ್ಬ ಹುಡುಗಗ ದಿನಕ್ಕ ಹತ್ತು ಮನಿ, ಐದು ದಿನದಾಗ ಮುಗೀತದ.

400 ಮಂದಿಗೆ ಶೇ 5ರಷ್ಟು ಆಚೀಚೆ ಆಗ್ತದ ಅಂತ ಪುಸ್ತಕದ ಲೆಕ್ಕ. ಒಂದ ಓಣಿಯವರು ಒಂದ ಥರಾ ಮಾತಾಡೂದರಿಂದ ಶೇ 7 ಹಿಡೀರಿ. 52–48 ಬಂದ್ರ ‘ಸಮ ಅದಾರ’ ಅಂತ ಬರೀರಿ, ‘ಬಹುಮತ’ ಅನಬ್ಯಾಡ್ರಿ.

ಇನ್ನೊಂದು, ಮತದಾರರ ಪಟ್ಟಿಯಿಂದ ಹೆಸರು ತಗೀಬ್ಯಾಡ್ರಿ. ಅಗ್ನಿವೀರಗ (ಈ ಯೋಜನಾದಾಗ ಸೇರೋ ಸೈನಿಕಗ) ವಯಸ್ಸು ಹದಿನೇಳೂವರಿಯಿಂದ ಶುರು, ಪಟ್ಟಿಯಾಗ ಬರೂದು 18 ಆದಮ್ಯಾಲ. ಅದಕ್ಕ ಮನಿ ಆರಿಸಿ, ಒಳಗ ಸೇನಾ ಸೇರೋ ವಯಸ್ಸಿನ ಹುಡುಗ, ಹುಡುಗಿ ಅದಾರೇನು ಕೇಳ್ರಿ. ಸಂಜಿ ಆರರ ಮ್ಯಾಲ ಹೋಗ್ರಿ, ಹಗಲಿ ಎಲ್ಲಾರೂ ಹೊಲದಾಗ. ಪಕ್ಷದ ಶಾಲು ಹಾಕ್ಕೊಂಡು ಹೋದ್ರ ‘ಚಲೋ ಐತ್ರಿ’ ಬಿಟ್ರ ಬ್ಯಾರೆ ಮಾತು ಬರೂದಿಲ್ಲ.

ನಿವೃತ್ತ_ಹವಾಲ್ದಾರ:
‘ಬೇಕೋ ಬೇಡವೋ’ ಎಂಬ ಪ್ರಶ್ನೆಯನ್ನು ಕೊನೆಗಿಡಿ. ಮೊದಲು ಬಿಡಿಬಿಡಿಯಾಗಿ ಕೇಳಿ: ನಾಲ್ಕೇ ವರ್ಷದ ಸೇವೆ, ನಾಲ್ವರಲ್ಲಿ ಒಬ್ಬರಿಗಷ್ಟೇ ಮುಂದುವರಿಯುವ ಅವಕಾಶ, ಪಿಂಚಣಿ ಇಲ್ಲ. ಕೊನೆಗೆ ಸಿಗುವ 11.71 ಲಕ್ಷದಲ್ಲಿ ಹುಡುಗನದೇ ದುಡ್ಡು ಎಷ್ಟು ಅಂತಲೂ ಕೇಳಿ. ಮೊದಲ ವರ್ಷದ ಸಂಬಳ 30,000, ಅದರಲ್ಲಿ 9,000 ಕಡಿತವಾಗಿ ಕೈಗೆ 21,000 ಬರುತ್ತದೆ. ಸರ್ಕಾರ ಕಡಿತದಷ್ಟೇ ಸೇರಿಸುತ್ತದೆ, ಮೇಲೆ ಬಡ್ಡಿ. ಅಷ್ಟೂ ಸರ್ಕಾರದ್ದೇ ಅಂದುಕೊಂಡವರ ‘ಹೂಂ’ಗೂ, ಲೆಕ್ಕ ಗೊತ್ತಿದ್ದವರ ‘ಹೂಂ’ಗೂ ತೂಕ ಬೇರೆ. ಉತ್ತರ ಕೊಟ್ಟದ್ದು ಅಪ್ಪನೋ ಮಗನೋ, ಅದನ್ನೂ ಬರೆದುಕೊಳ್ಳಿ.

2022ರಲ್ಲಿ ಯೋಜನೆ ಬಂದಾಗ ಯುವಕರು ತೋರಿಸಿದ ಸಿಟ್ಟು ಬರೀ ಯೋಜನೆಯ ಮೇಲಿನದಲ್ಲ. ಕೋವಿಡ್‌ನಿಂದ ಎರಡು ವರ್ಷ ಭರ್ತಿ ನಿಂತಿತ್ತು. ಓಟ, ಮೆಡಿಕಲ್ ಪಾಸಾಗಿ ಬರವಣಿಗೆ ಪರೀಕ್ಷೆಗೆ ಕಾಯುತ್ತಿದ್ದವರ ಪ್ರಕ್ರಿಯೆಯೂ ರದ್ದಾಯಿತು. ಜೂನ್ 14ಕ್ಕೆ ಘೋಷಣೆ, ಎರಡೇ ದಿನದಲ್ಲಿ ಆ ವರ್ಷದ ಮಟ್ಟಿಗೆ ಗರಿಷ್ಠ ವಯಸ್ಸು 21ರಿಂದ 23ಕ್ಕೆ ಏರಿತು. ನಾಡಿ ನೋಡಿದ್ದು ಔಷಧ ಕುಡಿಸಿದ ಮೇಲೆ, ಇನ್ನೇನು.

ಸಾಹೇಬ್ರ_ಡೈರಿ:
ಸಾಹೇಬ್ರು ಧಾರವಾಡ ಸಪ್ತಾಪುರದ ಕೋಚಿಂಗ್ ಹುಡುಗರನ್ನ ಕೇಳಿದ್ರ ಸಾಕು ಅಂತಾರ?

ಬೂತ್_ಲೆಕ್ಕ:
ಅಲ್ಲಿ ಕೆಎಎಸ್, ಪಿಎಸ್‌ಐ ಓದೋರ ಹೆಚ್ಚು, ಅದೂ ಹತ್ತಾರು ಜಿಲ್ಲಾದವರು. ನಿಮಗ ಬೇಕಾದವ ನಸುಕಿನ್ಯಾಗ ನಿಮ್ಮ ತಾಲ್ಲೂಕಿನ ಮೈದಾನದಾಗ 1600 ಮೀಟರ್ ಓಡಾಕತ್ತಿರ್ತಾನ. ಅಂಥ 30 ಮಂದೀನ ಬ್ಯಾರೆ ಕೂಡಿಸಿ ಮಾತಾಡಿಸ್ರಿ. ಅವರ ಮಾತು ಹೆಂಗೈತಿ ಹಂಗ ಬರೀರಿ, ಶೇಕಡಾ ಹಾಕಬ್ಯಾಡ್ರಿ, 400ರಾಗ ಕೂಡಿಸಬ್ಯಾಡ್ರಿ.

ನಿವೃತ್ತ_ಹವಾಲ್ದಾರ:
ರಕ್ಷಣೆ ಕೇಂದ್ರದ ವಿಷಯ, ಶಾಸಕರು ಯೋಜನೆ ಬದಲಿಸಲಾರರು. ಆದರೆ ಪೊಲೀಸ್ ನೇಮಕಾತಿ ರಾಜ್ಯದ್ದು. ‘ನಾಲ್ಕು ವರ್ಷ ಮುಗಿಸಿ ಬಂದವನಿಗೆ ಇಲ್ಲಿ ಏನು ಸಿಗಬೇಕು?’ ಎಂಬ ಒಂದು ಪ್ರಶ್ನೆ ಸೇರಿಸಿ. ಸೇನೆಯ ಮೊದಲ ತಂಡ ತರಬೇತಿಗೆ ಹೋದದ್ದು 2023ರ ಆರಂಭದ ಹೊತ್ತಿಗೆ, ಅವರ ಅವಧಿ ಮುಗಿಯುವುದು 2026ರ ಕೊನೆ, 2027ರ ಆರಂಭದಲ್ಲಿ. ಆ ಉತ್ತರಗಳನ್ನೇ ಮೊದಲ ಪುಟಕ್ಕೆ ಹಾಕಿ, ಪರ–ವಿರೋಧದ ಅಂಕಿ ಎರಡನೇ ಪುಟದಲ್ಲಿರಲಿ.