ಐಐಎಸ್‌ಸಿ ಇಂಟರ್ವ್ಯೂಗೆ ಮೂರು ವಾರ ಇದೆ, ಹೋಗಿ ಬಂದವರು ಸ್ವಲ್ಪ ಹೇಳಿ

ಕೇಳಿದವರು: ಬಿಎಸ್ಸಿ ಕೊನೆಯ ವರ್ಷ, ಹಾಸನ ಕಡೆಯ ಸರ್ಕಾರಿ ಕಾಲೇಜು. ಬಿಎಸ್ಸಿ ಆದಮೇಲಿನ ಕೋರ್ಸುಗಳಿಗೆ ಸೇರಲು ಬರೆಯುವ ಜಾಮ್ ಪ್ರವೇಶ ಪರೀಕ್ಷೆ ಬರೆದಿದ್ದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಇಂಟಿಗ್ರೇಟೆಡ್ ಪಿಎಚ್‌ಡಿ ಇಂಟರ್ವ್ಯೂಗೆ ಕರೆ ಬಂದಿದೆ, ಫಿಸಿಕ್ಸ್‌ಗೆ. ಸ್ನಾತಕೋತ್ತರ ಪದವಿ, ಪಿಎಚ್‌ಡಿ ಎರಡೂ ಒಂದೇ ಕೋರ್ಸಿನಲ್ಲಿ ಆಗುವಂಥದ್ದು. ಹತ್ತನೇ ಕ್ಲಾಸಿನವರೆಗೆ ನಂದು ಕನ್ನಡ ಮೀಡಿಯಂ. ಏನು ಓದಲಿ? ಇಂಗ್ಲಿಷಿಗೆ ಏನು ಮಾಡಲಿ? ಅಣ್ಣ ಅಕ್ಕಂದಿರು ಯಾರಾದರೂ ದಾರಿ ತೋರಿಸಿ.

ಫಿಸಿಕ್ಸ್ ಓದಿದವನು: ಕರೆ ಬಂದಿದ್ದು ಕೇಳಿ ಖುಷಿಯಾಯಿತು. ಮೂರು ವರ್ಷದ ಸಿಲಬಸ್ಸನ್ನು ಮೂರು ವಾರದಲ್ಲಿ ತಿರುವಿ ಹಾಕಲು ಹೋಗಬೇಡ. ಎರಡು ವಿಷಯ ಹಿಡಿದುಕೋ, ಬುಡದಿಂದ ಮಾಡು. ಯಾಕೆಂದರೆ ಎಷ್ಟೋ ಇಂಟರ್ವ್ಯೂ ಶುರುವಾಗುವುದೇ "ನಿಮಗೆ ಯಾವ ವಿಷಯ ಇಷ್ಟ?" ಅಂತ.

ನಾನು ಎಡವಿದ್ದು ಅಲ್ಲೇ. ಮೊದಲ ಇಂಟರ್ವ್ಯೂ ಬೇರೆ ಊರಿನಲ್ಲಿ. ಗತ್ತಾಗಿ ಕೇಳಿಸಲಿ ಅಂತ ಕ್ವಾಂಟಮ್ ಮೆಕ್ಯಾನಿಕ್ಸ್ ಅಂದುಬಿಟ್ಟೆ. ಪೆಟ್ಟಿಗೆಯೊಳಗಿನ ಕಣದ ಲೆಕ್ಕ ಬರೆಯಿರಿ ಅಂದರು. ಬಾಯಿಪಾಠ ಇತ್ತು, ಬರೆದೆ. "ಈಗ ಒಂದು ಗೋಡೆಯನ್ನು ತಟ್ಟನೆ ಎಳೆದು ಅಗಲ ಎರಡು ಪಟ್ಟು ಮಾಡಿದೆ. ಆ ಕ್ಷಣ ವೇವ್ ಫಂಕ್ಷನ್ ಏನಾಗುತ್ತದೆ?" ಅಂತ ಕೇಳಿದರು. ವೇವ್ ಫಂಕ್ಷನ್ ಅಂದರೆ ಕಣ ಎಲ್ಲೆಲ್ಲಿ ಸಿಗಬಹುದು ಅಂತ ಲೆಕ್ಕ ಹಾಕಲು ಬಳಸುವ ಸೂತ್ರ. ಚಾಕ್‌ಪೀಸ್ ಹಿಡಿದುಕೊಂಡು ಸುಮ್ನೆ ನಿಂತೆ. ಏನೂ ಆಗುವುದಿಲ್ಲ, ಹಾಗೇ ಇರುತ್ತದೆ, ಅಷ್ಟೇ ಉತ್ತರ. ಅದನ್ನು ಹೇಳಿದ್ದರೆ ಮುಂದಿನದನ್ನು ಅವರೇ ನನ್ನಿಂದ ಹೇಳಿಸುತ್ತಿದ್ದರು.

ಮುಂದಿನ ಸಲ ಬುದ್ಧಿ ಬಂದಿತ್ತು. ವಿದ್ಯುತ್ತು, ಕಾಂತ ಅಂದೆ. ಬಂದ ಪ್ರಶ್ನೆ ಪಿಯುಸಿಯದು. ಚಾರ್ಜ್ ಆದ ಒಂದು ಕೆಪಾಸಿಟರನ್ನು (ವಿದ್ಯುತ್ ಚಾರ್ಜು ಕೂಡಿಟ್ಟುಕೊಳ್ಳುವ ಸಾಧನ) ಅಷ್ಟೇ ದೊಡ್ಡ ಖಾಲಿ ಕೆಪಾಸಿಟರಿಗೆ ತಂತಿಯಿಂದ ಜೋಡಿಸಿದರೆ ಶಕ್ತಿ ಎಷ್ಟು ಉಳಿಯುತ್ತದೆ? ಚಾರ್ಜು ಸಮ ಹಂಚಿಕೆ ಆಗುತ್ತದೆ, ಲೆಕ್ಕ ಹಾಕಿದರೆ ಶಕ್ತಿ ಅರ್ಧಕ್ಕೆ ಇಳಿದಿರುತ್ತದೆ. ಇನ್ನರ್ಧ ಎಲ್ಲಿ ಹೋಯಿತು? ತಂತಿ ಬಿಸಿಯಾಗಿ ಹೋಯಿತು ಅಂದೆ. "ಹಾಗಾದರೆ ಕಮ್ಮಿ ಪ್ರತಿರೋಧದ ತಂತಿ ಹಾಕಿದರೆ ಕಮ್ಮಿ ನಷ್ಟ ಅಲ್ವಾ?" ಹೌದು ಸರ್ ಅಂದೆ. "ಮಾಡಿ ತೋರಿಸಿ" ಅಂದರು. ಏನು ಬಂತು ಅಂತ ಹೇಳುವುದಿಲ್ಲ, ನೀನೇ ಮಾಡು. ನನ್ನ ಉತ್ತರ ತಪ್ಪಾಗಿತ್ತು. ಆದರೆ ಬೋರ್ಡಿನ ಮೇಲೆ ಪ್ರತಿ ಹೆಜ್ಜೆಯನ್ನೂ ಬಾಯಲ್ಲಿ ಹೇಳುತ್ತಾ ಹೋಗಿದ್ದೆ. ತಪ್ಪಿದ ಜಾಗದಲ್ಲಿ ಅವರೇ ತಡೆದರು, ಸರಿ ಮಾಡಿಕೊಂಡೆ. ಸೀಟು ಸಿಕ್ಕಿತು.

ಬಯಾಲಜಿಯ ಅಕ್ಕ: ನಂದು ಬೇರೆ ವಿಷಯ, ಆದರೂ ಒಂದು ಮಾತು. ಪ್ರಾಜೆಕ್ಟ್ ಮಾಡಿದ್ದರೆ ಅದರ ಬಗ್ಗೆ ಕೇಳೇ ಕೇಳುತ್ತಾರೆ. ನಾನು ಮಾಡಿದ್ದು ಎಲ್ಲರೂ ಮಾಡುವಂಥದ್ದೇ: ತುಳಸಿ ಎಲೆಯ ಸಾರ ತೆಗೆದು ಬ್ಯಾಕ್ಟೀರಿಯಾ ಬೆಳೆದ ತಟ್ಟೆಯ ಮೇಲೆ ಇಟ್ಟು, ಸುತ್ತ ಎಷ್ಟು ಜಾಗ ಖಾಲಿಯಾಯಿತು ಅಂತ ಸ್ಕೇಲಿನಲ್ಲಿ ಅಳೆಯುವುದು. ಫೋಟೋ ಚೆನ್ನಾಗಿ ಬಂದಿತ್ತು, ಹೆಮ್ಮೆಯಿಂದ ವಿವರಿಸಿದೆ. "ಸಾರವನ್ನು ಯಾವುದರಲ್ಲಿ ತೆಗೆದಿರಿ?" ಎಥನಾಲ್. "ಬರೀ ಎಥನಾಲ್ ಹಾಕಿದ ಒಂದು ಡಿಸ್ಕ್ ಇಟ್ಟಿದ್ದಿರಾ?" ಇಟ್ಟಿರಲಿಲ್ಲ. ಬ್ಯಾಕ್ಟೀರಿಯಾ ಕೊಂದಿದ್ದು ತುಳಸಿಯೋ ಎಥನಾಲೋ ಯಾರಿಗೆ ಗೊತ್ತು! ಇಟ್ಟಿಲ್ಲ, ಇಡಬೇಕಿತ್ತು ಅಂತ ಒಪ್ಪಿಕೊಂಡೆ. ಅವರೂ ನಕ್ಕರು. ನಿನ್ನ ಪ್ರಾಜೆಕ್ಟಿನಲ್ಲೂ ಇಂಥ ತೂತು ಎಲ್ಲಿದೆ ಅಂತ ಹೋಗುವ ಮುಂಚೆ ನೀನೇ ಹುಡುಕಿಟ್ಟುಕೋ.

ಕನ್ನಡ ಮೀಡಿಯಂನ ಇನ್ನೊಬ್ಬ: ಇಂಗ್ಲಿಷಿನ ಭಯ ನನಗೂ ಇತ್ತು, ತಮ್ಮಾ. ವ್ಯಾಕರಣ ಪುಸ್ತಕ ಹಿಡಿದು ಕೂತರೆ ಮೂರು ವಾರ ಅಲ್ಲೇ ಹೋಗುತ್ತದೆ. ನಾನು ಮಾಡಿದ್ದು ಇಷ್ಟು: ಹಾಸ್ಟೆಲ್ ರೂಮಿನ ಬಾಗಿಲ ಹಿಂದೆ ಚಾಕ್‌ಪೀಸಿನಲ್ಲಿ ದಿನಾ ಒಂದು ಲೆಕ್ಕ ಬಿಡಿಸುತ್ತಾ ರೂಮ್‌ಮೇಟ್‌ಗೆ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದೆ. ಅವನು ಬಿಕಾಂ. ಪಾಪ, ಅವನಿಗೆ ಒಂದಕ್ಷರ ಅರ್ಥವಾಗುತ್ತಿರಲಿಲ್ಲ, ಆದರೆ "ಯಾಕೆ?" ಅಂತ ಕೇಳುತ್ತಿದ್ದ. ಅದೇ ಬೇಕಾಗಿದ್ದು. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಅಂತ ಕೇಳು, ಅದಕ್ಕೆ ಯಾರೂ ಅಂಕ ಕಳೆಯುವುದಿಲ್ಲ. ಅರ್ಥವಾದ ಹಾಗೆ ತಲೆಯಾಡಿಸುವುದೇ ಅಪಾಯ.

ಜೊತೆಗೆ sin x ಅನ್ನು x ನಿಂದ ಭಾಗಿಸಿದರೆ ಗ್ರಾಫ್ ಹೇಗಿರುತ್ತದೆ ಅನ್ನುವಂಥವನ್ನು ಕೈಯಲ್ಲೇ ಬಿಡಿಸಿ ರೂಢಿ ಮಾಡಿಕೋ. ಸೊನ್ನೆಯ ಹತ್ತಿರ ಏನಾಗುತ್ತದೆ, ದೂರ ಹೋದರೆ ಏನಾಗುತ್ತದೆ, ಎಲ್ಲಿ ಗೆರೆ ದಾಟುತ್ತದೆ, ಈ ಮೂರು ನೋಡಿದರೆ ಚಿತ್ರ ತಾನಾಗಿ ಬರುತ್ತದೆ.

ಇನ್ನೊಬ್ಬರು: ರೈಲಿಗೆ ಬರುವುದಾದರೆ ಯಶವಂತಪುರದಲ್ಲಿ ಇಳಿ, ಸಂಸ್ಥೆ ಹತ್ತಿರ. ಆದಷ್ಟು ಹಿಂದಿನ ದಿನವೇ ಬಾ. ಕ್ಯಾಂಪಸ್ ದೊಡ್ಡದು, ಗೇಟಿನಿಂದ ವಿಭಾಗಕ್ಕೆ ನಡೆಯುವುದೇ ಬೇಕಾದಷ್ಟಿದೆ. ಮೂಲ ಅಂಕಪಟ್ಟಿಗಳನ್ನು ಬ್ಯಾಗಿನಲ್ಲಿ ಮೊದಲೇ ಹಾಕಿಡು.

ಕೇಳಿದವರು: ಅಣ್ಣಾ, ಕೆಪಾಸಿಟರ್ ಲೆಕ್ಕ ಮಾಡಿದೆ. ಮೊದಲು ತಪ್ಪಾಯಿತು ಅಂದುಕೊಂಡು ಮೂರು ಸಲ ಮಾಡಿದೆ. ಕೊನೆಯಲ್ಲಿ ಪ್ರತಿರೋಧ ಕ್ಯಾನ್ಸಲ್ ಆಗಿಹೋಗುತ್ತದೆ! ದಪ್ಪ ತಂತಿಯಾಗಲಿ ಸಣ್ಣ ತಂತಿಯಾಗಲಿ, ಹೋಗುವುದು ಅರ್ಧವೇ. ಆದರೆ ಪ್ರತಿರೋಧ ಪೂರ್ತಿ ಸೊನ್ನೆ ಆದರೆ?

ಫಿಸಿಕ್ಸ್ ಓದಿದವನು: ಅವರು ನನ್ನನ್ನು ಮುಂದೆ ಕೇಳಿದ್ದೂ ಅದನ್ನೇ. ತಂತಿಗೆ ಸ್ವಲ್ಪ ಇಂಡಕ್ಟನ್ಸೂ (ಕರೆಂಟು ತಟ್ಟನೆ ಬದಲಾಗದಂತೆ ತಡೆಯುವ ಗುಣ) ಇದೆ ಅಂತ ಇಟ್ಟುಕೊಂಡು ಮತ್ತೆ ಶುರು ಮಾಡು.